ಮುದಗಲ್ಲನ್ನು ಗೆದ್ದ ಬಳ್ಳಾರಿ

ಸಿಂಧನೂರಿನಿಂದ ಮಸ್ಕಿ, ಲಿಂಗಸುಗೂರು ದಾಟಿದರೆ ಮುದಗಲ್ಲು. ಕೃಷ್ಣೆ-ತುಂಗಭದ್ರೆಯರ ನಡುವಿನ ಈ ಎರೆಹೊಲಕ್ಕಾಗಿ ವಿಜಯನಗರದವರೂ ಬಹಮನಿಗಳೂ, ಆಮೇಲೆ ಬಿಜಾಪುರದ ಆದಿಲಶಾಹಿಗಳೂ ಇನ್ನೂರು ವರ್ಷಕ್ಕೂ ಮಿಕ್ಕಿ ಬಡಿದಾಡಿದರು. ಮುದಗಲ್ಲಿನ ಕಿಲ್ಲೆ ಕೈಯಿಂದ ಕೈಗೆ ಹೋಯಿತು.

ಹೊಲದ ಜಗಳ ಅಂತ ಬರೆದರೆ ಯಾರು ಓದುತ್ತಾರೆ? ಇತಿಹಾಸಕಾರ ಫಿರಿಷ್ತಾ ಅದಕ್ಕೊಬ್ಬ ಹುಡುಗಿಯನ್ನು ತಂದ. 1406ರ ಯುದ್ಧಕ್ಕೆ ಮುದಗಲ್ಲಿನ ಅಕ್ಕಸಾಲಿಗನ ಮಗಳೇ ಕಾರಣವಂತೆ. ವಿಜಯನಗರದ ಒಂದನೇ ದೇವರಾಯ ಒಡವೆ ಕಳಿಸಿ ಹೆಣ್ಣು ಕೇಳಿದನಂತೆ. ಅಂತಃಪುರ ಹೊಕ್ಕರೆ ಅಪ್ಪ-ಅವ್ವನ ಮುಖ ಕಾಣುವಂತಿಲ್ಲ, ನಾನೊಲ್ಲೆ ಅಂದಳಂತೆ. ದಂಡು ಬಂದಾಗ ಅವಳು ಊರಲ್ಲೇ ಇರಲಿಲ್ಲ. ಆ ಸಿಟ್ಟಿಗೆ ಸುತ್ತಲ ಹಳ್ಳಿ ಲೂಟಿಯಾದವು. ಬಹಮನಿ ಸುಲ್ತಾನ ಫಿರೋಜ್ ಶಾ ಏರಿ ಬಂದ. ಕೊನೆಗೆ ರಾಯ ತನ್ನ ಮಗಳನ್ನೇ ಸುಲ್ತಾನನಿಗೆ ಕೊಟ್ಟು, ಬಳುವಳಿಗೆ ಬಂಕಾಪುರವನ್ನೂ ಬಿಟ್ಟ. ಇದನ್ನು ಬರೆದವನು ಇನ್ನೂರು ವರ್ಷದ ಮೇಲೆ ಬಿಜಾಪುರದ ಆಸ್ಥಾನದ ಅನ್ನ ಉಂಡವನು. ಹುಡುಗಿಯ ಹೇಳಿಕೆಯನ್ನು ಮಾತ್ರ ಯಾರೂ ಪಡೆದಿಲ್ಲ.

ಮುಂದೆ 1853ರಲ್ಲಿ ಹೈದರಾಬಾದಿನ ನಿಜಾಮ ಸಾಲದ ಬಾಬ್ತು, ಈ ಎರಡು ಹೊಳೆಗಳ ನಡುವಿನ ಇಡೀ ದೋಆಬನ್ನೇ ಇಂಗ್ಲಿಷರಿಗೆ ವಹಿಸಿದ. 1860ರಲ್ಲಿ ಅದು ಅವನಿಗೇ ವಾಪಸು ಬಂತು. ಆಗ ಒತ್ತೆ ಇಡುವಷ್ಟಾದರೂ ಬೆಲೆ ಇತ್ತು!

ಈಗ ಹೋಗಿ ನೋಡಿ. ಕಂದಕ ಕೆಲವೆಡೆ ಐವತ್ತು ಗಜ ಅಗಲ. ಆನೆ-ಕುದುರೆಗಳನ್ನು ತಡೆಯಲು ತೋಡಿದ್ದು. ಪ್ಲಾಸ್ಟಿಕ್ ಚೀಲಗಳು ಸಲೀಸಾಗಿ ದಾಟಿವೆ. ಹೊರಗೋಡೆಯ ಕಲ್ಲುಗೆಲಸ ಹಿಂದೂ ಕುಶಲಿಗಳದು, ಅದರ ಮೇಲಿನ ಕಮಾನಿನ ತೆನೆ ಸುಲ್ತಾನರ ಮಾದರಿಯದು. ಎರಡೂ ಕಡೆಯವರು ಕಟ್ಟಿದ್ದನ್ನು ಹಾಳುಬಿಡುವುದರಲ್ಲೂ ಎಂಥ ಸೌಹಾರ್ದ! (ಇದೇ ಊರಿನ ಮೊಹರಂನಲ್ಲಿ ಜನ ಜಾತಿ-ಮತ ನೋಡದೆ ಸೇರುತ್ತಾರೆ. ಅದು ಬೇರೆ, ಅಲ್ಲಿ ಅನುದಾನದ ಮಾತಿಲ್ಲ.)

ಮಸ್ಕಿಯಲ್ಲಿ 1915ರಲ್ಲಿ ಚಿನ್ನ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್‌ಗೆ ಅಶೋಕನ ಹೆಸರಿದ್ದ ಶಾಸನ ಸಿಕ್ಕಿತು. ಮುದಗಲ್ಲಿನಲ್ಲಿ ಇತಿಹಾಸ ಹುಡುಕಿದವರಿಗೆ ಸಿಗುವುದು ಜಾಲಿ ಮುಳ್ಳು. ಅದೂ ಬಳ್ಳಾರಿ ಜಾಲಿ. ಹಂಪಿಯ ರಾಯರು ಹಿಡಿದು ಹಿಡಿದು ಕಳಕೊಂಡ ಕಿಲ್ಲೆಯನ್ನು ಬಳ್ಳಾರಿ ಹೆಸರಿನ ಗಿಡ ಒಂದು ಗುಂಡೂ ಹಾರಿಸದೆ ವಶಮಾಡಿಕೊಂಡಿದೆ. ಹುಡೇವಿನ ಸಂದಿಯಲ್ಲಿ ಬೇರು ಬಿಟ್ಟು ಕಲ್ಲು ಸಡಿಲಿಸುತ್ತಿದೆ. ಇದನ್ನು ಬಿಡಿಸಲು ದಂಡು ಬೇಕಿಲ್ಲ, ನಾಕು ಕೊಡಲಿ ಸಾಕು. ಆದರೆ ಕೊಡಲಿಗೆ ಟೆಂಡರ್ ಕರೆಯಬೇಕಲ್ಲ. ದೇವರಾಯನಿಗೆ ಆ ತೊಂದರೆ ಇರಲಿಲ್ಲ.