ಕಡಲ ತಡಿಯ ಯಜಮಾನರಿಗೊಂದು ಬಿನ್ನವತ್ತಳೆ



ಹೇಮಾವತಿಯ ದಂಡೆಯ ಹೊಳೆನರಸೀಪುರದಲ್ಲಿ ಹುಟ್ಟಿ, ಅದೇ ಹೊಳೆಯಲ್ಲಿ ಈಜು ಕಲಿತು, ಅರವತ್ತು ತುಂಬಿದ ಮೇಲೆ ‘ಇನ್ನಾದರೂ ನೀರು ನೋಡುತ್ತ ಬದುಕಬೇಕು’ ಎಂದು ಆ ಹೊಳೆಗೇ ಬೆನ್ನು ಹಾಕಿ, ಕುಂದಾಪುರದ ಕಡೆಯ ಕಡಲ ತಡಿಗೆ ಕಾಯಂ ಆಗಿ ಬಿಜಯಂಗೈದ ತಮ್ಮ ಧೀಮಂತಿಕೆಯನ್ನು ಕೊಂಡಾಡಲು ತಮ್ಮ ಹಳೆಯ ಬೀದಿಯವರಾದ ನಾವೆಲ್ಲ ಕೂಡಿ ಈ ಬಿನ್ನವತ್ತಳೆಯನ್ನು ಅರ್ಪಿಸುತ್ತಿದ್ದೇವೆ. 1979ರಲ್ಲಿ ಅದೇ ಹೊಳೆಗೆ ಕಟ್ಟಿದ ಗೊರೂರಿನ ಅಣೆಕಟ್ಟು ಮುಗಿದಾಗ ಹೊಲಮನೆ ಮುಳುಗಿದವರು ಅಳುತ್ತ ಗಂಟುಮೂಟೆ ಕಟ್ಟಿದ್ದರು. ನೀರು ಅಟ್ಟಿಸಿಕೊಂಡು ಬರದಿದ್ದರೂ ತಾವಾಗಿಯೇ ನೀರನ್ನು ಅಟ್ಟಿಸಿಕೊಂಡು, ನಗುನಗುತ್ತ ಹೋದವರು ಈ ಸೀಮೆಯಲ್ಲಿ ತಾವೊಬ್ಬರೇ.

ನಮ್ಮ ಹಾಸನಕ್ಕೆ ‘ಬಡವರ ಊಟಿ’ ಎಂಬ ಹೆಸರಿರುವುದೇ ತಮ್ಮ ಅಂತಸ್ತಿಗೆ ಒಗ್ಗಲಿಲ್ಲ. ಸಮುದ್ರಮಟ್ಟದಿಂದ 900 ಚಿಲ್ಲರೆ ಮೀಟರ್ ಎತ್ತರದಲ್ಲಿ ಬಿಟ್ಟಿಯಾಗಿ ಬೀಸುವ ಗಾಳಿಯನ್ನು ಬಡಬಗ್ಗರಿಗೆ ಬಿಟ್ಟುಕೊಟ್ಟು, ಸೆಕೆಯ ನಾಡಿಗೆ ಇಳಿದು, ಕಿಟಕಿಗಳನ್ನೆಲ್ಲ ಮುಚ್ಚಿ, ನಾಲ್ಕು ಕೋಣೆಗೆ ನಾಲ್ಕು ಎಸಿ ಹಾಕಿಸಿ, ದುಡಿದ ಹಣದಿಂದಲೇ ತಂಪು ಸಂಪಾದಿಸಿದ ಸ್ವಾಭಿಮಾನ ಎಲ್ಲರಿಗೂ ಬರುವಂಥದ್ದಲ್ಲ. ಅರಕಲಗೂಡಿನ ಹೊಗೆಸೊಪ್ಪಿನ ಹೊಲವನ್ನು ಸೊಪ್ಪು ಒಣಗಿಸುವ ಬ್ಯಾರನ್ ಸಮೇತ ಮಾರಿ, ಚನ್ನರಾಯಪಟ್ಟಣದ ತೆಂಗಿನ ತೋಟವನ್ನೂ ಮಾರಿ, ಎಕರೆಯ ಲೆಕ್ಕ ಮರೆತು ಸೆಂಟ್ಸಿನ ಲೆಕ್ಕ ಕಲಿತು, ಹತ್ತು ಸೆಂಟ್ಸ್ ಮರಳು ಕೊಂಡಿರಿ. ಅದರ ಜೊತೆ ಎರಡು ತೆಂಗಿನಮರ ಉಚಿತವಾಗಿ ಬಂದವೆಂದು ತಾವು ಫೋನಿನಲ್ಲಿ ಹೇಳಿದಾಗ ನಮ್ಮ ಕಣ್ಣು ತುಂಬಿ ಬಂತು.

ತಮ್ಮ ವಿನಯವನ್ನಂತೂ ಹೊಗಳಿ ಪೂರೈಸುವುದಿಲ್ಲ. 1991ರಿಂದ ಸಿಆರ್‌ಝಡ್ ಎಂಬ ಕಾನೂನೊಂದು ಭರತದ ಗೆರೆಯಿಂದ 500 ಮೀಟರ್ ಒಳಗೆ ಕಟ್ಟಡ ಕಟ್ಟುವವರ ಮೇಲೆ ಕಣ್ಣಿಟ್ಟಿದೆ. ಅಂಥ ಜಾಗದಲ್ಲಿ ಮೀನುಗಾರರ ಹಳೆಯ ಹಂಚಿನ ಮನೆಯೊಂದನ್ನು ಕೊಂಡು, ಮೂರು ಮಹಡಿ ಎಬ್ಬಿಸಿ, ಮೇಲೊಂದು ಗಾಜಿನ ಪಡಸಾಲೆ ಕೂರಿಸಿಯೂ, ಅರ್ಜಿಯಲ್ಲಿ ಮಾತ್ರ ಹೆಮ್ಮೆಯ ಸುಳಿವೇ ಇಲ್ಲದೆ ‘ರಿಪೇರಿ’ ಎಂಬ ಒಂದೇ ಪದ ಬರೆದವರು ತಾವು.

ಕಡಲಿನ ಮೇಲಿನ ತಮ್ಮ ಪ್ರೀತಿ ಎಷ್ಟು ನಿರ್ಮಲವೆಂದರೆ ಅದರಲ್ಲಿ ಮೀನಿನ ವಾಸನೆಗೂ ಜಾಗವಿಲ್ಲ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧವಿರುವುದು ಮೀನು ಮರಿ ಮಾಡಲಿ ಎಂದು. ಇಂಜಿನ್ ಸದ್ದಿಗೆ ಬೆಳಗಿನ ಜಾವದ ನಿದ್ದೆ ಕೆಡುತ್ತದೆಂಬ, ಅದಕ್ಕಿಂತ ಗಹನವಾದ ಕಾರಣವನ್ನು ಕಂಡುಹಿಡಿದು, ನಿಷೇಧವನ್ನು 365 ದಿನಕ್ಕೆ ವಿಸ್ತರಿಸಬೇಕೆಂದು ಮನವಿ ಬರೆದಿರಿ. ಮೂವತ್ತು ನಲವತ್ತು ಮಂದಿ ದಡದಲ್ಲಿ ಸಾಲುಗಟ್ಟಿ ಕೈರಂಪಣಿ ಬಲೆ ಎಳೆಯುತ್ತಿದ್ದಾಗ, ಕಾಫಿ ಲೋಟ ಹಿಡಿದು ಪೈಜಾಮದಲ್ಲೇ ಇಳಿದುಹೋಗಿ, ‘ವ್ಯೂಗೆ ಅಡ್ಡ ಆಗ್ತಿದೆ, ಆ ಕಡೆ ಹೋಗಿ ಎಳೀರಪ್ಪಾ’ ಎಂದು ತಿಳಿಹೇಳಿದಿರಿ. ತಲೆಮಾರುಗಳಿಂದ ಅದೇ ಮರಳಿನಲ್ಲಿ ಮೀನು ಒಣಗಿಸುವ ಅಜ್ಜಿಗೆ, ‘ಮನೆಯೊಳಗೇ ಒಣಗಿಸಬಾರದೇನಜ್ಜಿ?’ ಎಂದು ವೈಜ್ಞಾನಿಕ ಸಲಹೆಯನ್ನೂ ಕೊಟ್ಟಿರಿ. ‘ಒಳಗ್ ಬಿಸ್ಲ್ ಬತ್ತಿಲ್ಲ ಮಾರಾಯ್ರೆ’ ಎಂದ ಆ ಅವಿವೇಕಿಯನ್ನು ಅಲ್ಲೇ ಕ್ಷಮಿಸಿದಿರಿ. ಅವಳು ನಡೆಯುವ ದಾರಿಗೆ ಗೇಟು ಹಾಕಿಸಿದ್ದು ಮಾರನೆಯ ದಿನ.

ಹುಟ್ಟೂರಿನ ನಂಟನ್ನೂ ತಾವು ಬಿಟ್ಟವರಲ್ಲ. ಕುಚ್ಚಲಕ್ಕಿ ಗಂಟಲಲ್ಲಿ ಇಳಿಯದೆ ತಿಂಗಳಿಗೊಂದು ಮೂಟೆ ರಾಗಿ ತರಿಸಿಕೊಳ್ಳುತ್ತೀರಿ. ಶಿರಾಡಿ ಘಾಟಿ ಕುಸಿದಿದ್ದರಿಂದ ತಾಯಿಯವರ ತಿಥಿಗೆ ಬರಲಾಗಲಿಲ್ಲವೆಂದು ಕೊರಗಿದಿರಿ. ತಿಥಿ ಇದ್ದದ್ದು ಮಾಘದಲ್ಲಿ. ಮಳೆ ನಿಂತು ಮೂರು ತಿಂಗಳಾದ ಮೇಲೂ ಘಾಟಿಯ ಬಗ್ಗೆ ಅಷ್ಟು ಕಳಕಳಿ! ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗ ದಾಟಿ ಓಡುವ ರೈಲಿನ ಮಾತನ್ನು ನಾವೂ ಎತ್ತಲಿಲ್ಲ. ಅಷ್ಟು ಕತ್ತಲೆಯಲ್ಲಿ ತಮ್ಮನ್ನು ಕರೆಸಿಕೊಳ್ಳುವುದು ಸಭ್ಯತೆಯಲ್ಲ.

ಈಗ ತಿಳಿದುಬಂದಿರುವಂತೆ, ಉಳ್ಳಾಲ, ಮರವಂತೆಗಳಲ್ಲಿ ಮಾಡಿದಂತೆಯೇ ಕಡಲು ತಮ್ಮ ಬಾಗಿಲಿಗೂ ಬಂದಿದೆ. ಕಾಂಪೌಂಡಿನ ಒಂದು ಮಗ್ಗುಲು ಹೋಗಿದೆಯಂತೆ. ಆ ಗೇಟೂ ಹೋಯಿತಂತೆ. ಕಡಲೇ ಅಷ್ಟು ಹತ್ತಿರ ಬಂದು ಆಲಂಗಿಸುವ ಭಾಗ್ಯ ಎಷ್ಟು ಜನಕ್ಕಿದೆ? ಆದರೂ ತಾವು ಮನೆ ಮುಂದೆ ಬಂಡೆ ಸುರಿಸಬೇಕೆಂದು ಸರ್ಕಾರಕ್ಕೆ ಬರೆದಿರುವುದರಿಂದ, ನೆರೆಹೊರೆಯ ಋಣಕ್ಕಾಗಿ, ರಾಗಿ ಮೂಟೆಯ ಜೊತೆ ಎರಡು ಲಾರಿ ಕಲ್ಲನ್ನೂ ಕಳಿಸುತ್ತಿದ್ದೇವೆ. ಸಾಲದಿದ್ದರೆ ಸಂಕೋಚವಿಲ್ಲದೆ ಹೇಳಿಕಳಿಸಿ. ಬೆಟ್ಟ ಇನ್ನೂ ಅರ್ಧ ಉಳಿದಿದೆ.