ಮದುವಿ ತೂಕ

ಬೀಡಿ ಊರಿನ ಬಸ್‌ಸ್ಟ್ಯಾಂಡಿನ ಕಟ್ಟಿ. ಮಾವ, ಅಳಿಯ, ನಡುವ ಬೆಳಗಾವಿ ಕುಂದಾದ ಡಬ್ಬಿ.

"ಮಾವಾರ, ತೂಕ ಎಷ್ಟಕ್ಕ ಇಳಸ್ತೀರಿ?"

"58 ಕಿಲೋಕ್ಕ. ಮದುವ್ಯಾಗ ಅಷ್ಟ ಇದ್ದೆ."

"ಈಗ?"

"84. ಚಪ್ಪಲಿ ಬಿಟ್ಟು, ಉಸಿರು ಹಿಡದು."

"ಉಸಿರು ಹಿಡದ್ರ ತೂಕ ಇಳಿಯೂದಿಲ್ರಿ. ಎಷ್ಟು ದಿನದಾಗ?"

"ಬರೂ ಅಮಾಸಿಗೆ."

"ತಿಂಗಳದಾಗ 26 ಕಿಲೋ ಇಳಿಯೂದು ಲಾರ್‍ಯಾಗಿನ ಅಕ್ಕಿಚೀಲ ಅಷ್ಟರಿ! ನೂರಕ್ಕ 5 ಇಳಿದ್ರೂ ಬಿಪಿ, ಸಕ್ಕರಿಗೆ ಚಲೋ. ಆರು ತಿಂಗಳಿಗೆ 80 ಮಾಡ್ರಿ. ಆಮ್ಯಾಲೆ ಮುಂದಿಂದು."

"ಬರೇ 4 ಕಿಲೋ? ಮಂದಿಗೆ ಹೇಳಾಕ ನಾಚಿಕಿ."

"84 ಹೇಳಾಕ ನಾಚಿಕಿಲ್ಲೇನ್ರಿ?"

ಮಾವ ಡಬ್ಬಿ ತೆಗೆದು ಒಂದು ತುಂಡು ಬಾಯಿಗೆ ಹಾಕ್ಕೊಂಡ.

"ಮಾವಾರ!"

"ತಡಿಯಪ್ಪ. ಮದಲ ಡಬ್ಬಿ ಹಗರ ಮಾಡ್ತೀನಿ. ಯಾವದರೆ ಒಂದರ ತೂಕ ಇವತ್ತ ಇಳಿಬೇಕಲ್ಲ!"