ಬಾಯಿ ಬಿಡದೆ ಗೆದ್ದ ಭಾಷಣ

147573952589676412927. ಓದಿದಿರಾ? ಸುಳ್ಳು ಹೇಳಬೇಡಿ, ಹಾರಿಸಿಕೊಂಡು ಇಲ್ಲಿಗೆ ಬಂದಿದ್ದೀರಿ. ನಮ್ಮ ಲೆಕ್ಕದಲ್ಲಿ ಇದು ಸುಮಾರು ಹದಿನಾಲ್ಕು ಮುಕ್ಕಾಲು ಲಕ್ಷ ಕೋಟಿ ಕೋಟಿ. ಬಜೆಟ್ ಭಾಷಣದಲ್ಲೂ ಇಷ್ಟು ಕೋಟಿಗಳು ಕಿವಿಗೆ ಬಿದ್ದಿರಲಾರವು.

ಇದರ ಜಾತಕ ಮಾತ್ರ ಸರಳ. ಚದುರಂಗದ ಮೊದಲ ಮನೆಗೆ ಒಂದು ಕಾಳು, ಮುಂದಿನದಕ್ಕೆ ಎರಡು, ಆಮೇಲೆ ನಾಲ್ಕು ಎಂದು ಕೇಳಿ ರಾಜನನ್ನೇ ದಿವಾಳಿ ಎಬ್ಬಿಸಿದವನ ಕಥೆ ಗೊತ್ತಲ್ಲ? ಅಲ್ಲಿ ಮನೆಗಳು 64. ಇನ್ನು ಮೂರೇ ಮೂರು ಮನೆ ಇದ್ದಿದ್ದರೆ ಒಟ್ಟು ಕಾಳು ಇಷ್ಟಾಗುತ್ತಿತ್ತು. 67 ಎರಡುಗಳನ್ನು ಗುಣಿಸಿ ಒಂದು ಕಳೆದರೂ ಇದೇ. ಕಂಪ್ಯೂಟರಿನ ಲಿಪಿಯಲ್ಲಿ ಬರೆದರೆ ಸೊನ್ನೆಯ ಸುಳಿವೇ ಇಲ್ಲ, ಸಾಲಾಗಿ 67 ಒಂದುಗಳು.

1644ರಲ್ಲಿ ಪ್ಯಾರಿಸ್ಸಿನ ಸನ್ಯಾಸಿ ಮೆರ್ಸೆನ್ ಇದನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿಬಿಟ್ಟ. ಭಾಗಿಸಿ ನೋಡುವ ಪುರುಸೊತ್ತು ಯಾರಿಗಿತ್ತು? ಇನ್ನೂರಕ್ಕೂ ಹೆಚ್ಚು ವರ್ಷ ಸಂಖ್ಯೆ ಮಡಿಯುಟ್ಟು ಕೂತಿತು. 1876ರಲ್ಲಿ ಲ್ಯೂಕಾ ಎಂಬ ಫ್ರೆಂಚ್ ಗಣಿತಜ್ಞ ಒಂದು ಪರೀಕ್ಷೆ ನಡೆಸಿ, ಇದು ಒಡೆಯುತ್ತದೆ ಎಂದ. ಯಾವುದರಿಂದ ಅಂದರೆ ಗೊತ್ತಿಲ್ಲ! ಡಬ್ಬಿಯ ಬೆಲ್ಲ ಕದ್ದದ್ದು ಖಂಡಿತ, ಕದ್ದವರ ಹೆಸರು ಮಾತ್ರ ಕೇಳಬೇಡಿ ಅಂದ ಹಾಗೆ.

ಆ ಹೆಸರು ಹೊರಬಿದ್ದದ್ದು 1903ರ ಅಕ್ಟೋಬರಿನಲ್ಲಿ, ನ್ಯೂಯಾರ್ಕಿನಲ್ಲಿ ನಡೆದ ಅಮೆರಿಕನ್ ಮ್ಯಾಥಮೆಟಿಕಲ್ ಸೊಸೈಟಿಯ ಸಭೆಯಲ್ಲಿ. ಕೊಲಂಬಿಯಾ ವಿಶ್ವವಿದ್ಯಾಲಯದ ಫ್ರ್ಯಾಂಕ್ ನೆಲ್ಸನ್ ಕೋಲ್ ಎದ್ದ. ಅಧ್ಯಕ್ಷರೇ, ಸಭಿಕರೇ, ಸಮಯದ ಅಭಾವವಿದ್ದರೂ — ಊಹೂಂ, ಒಂದೂ ಇಲ್ಲ. ಕಪ್ಪು ಹಲಗೆಯ ಒಂದು ಕಡೆ ಎರಡನ್ನು ಗುಣಿಸುತ್ತಾ ಹೋಗಿ ಒಂದು ಕಳೆದ. ಇನ್ನೊಂದು ಕಡೆ 193707721 ಬರೆದು, ಅದನ್ನು 761838257287ರಿಂದ ಕೈಯಲ್ಲೇ ಗುಣಿಸಿದ. ಎರಡೂ ಕಡೆ ಒಂದೇ ಉತ್ತರ. ತುಟಿಪಿಟಕ್ಕೆನ್ನದೆ ಹೋಗಿ ಕೂತ. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಮಾತನ್ನೇ ನಂಬಿ ಹರಟೆ ಬರೆಯುವ ನನ್ನಂಥವರಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಈ ಸಭೆಯ ಕಥೆ ಹೇಳಿದವನು ಗಣಿತಜ್ಞ ಇ.ಟಿ. ಬೆಲ್. ಕಥೆಗೆ ಉಪ್ಪುಕಾರ ಹಾಕುವುದರಲ್ಲಿ ಆತ ಎತ್ತಿದ ಕೈ. ಹಾಗಾಗಿ ಮೌನದ ಭಾಗವನ್ನು ಸ್ವಲ್ಪ ಸೋಸಿಕೊಂಡು ಕುಡಿಯಿರಿ. ಗುಣಾಕಾರ ಮಾತ್ರ ಅಪ್ಪಟ. ಎಷ್ಟು ಕಾಲ ಬೇಕಾಯಿತು ಎಂದು ಕೇಳಿದ್ದಕ್ಕೆ, ಮೂರು ವರ್ಷದ ಭಾನುವಾರಗಳು ಅಂದನಂತೆ ಕೋಲ್. ಮನೆಯವರು ಏನಂದರೋ, ಬೆಲ್ ಬರೆದಿಲ್ಲ.

ಹುಡುಕಾಟ ಪೂರಾ ಕುರುಡಾಗಿಯೂ ಇರಲಿಲ್ಲ ಅನ್ನಿ. ಈ ಸಂಖ್ಯೆಯನ್ನು ಒಡೆಯುವ ಯಾವುದೇ ಅಪವರ್ತನವನ್ನು 134ರಿಂದ ಭಾಗಿಸಿದರೆ ಶೇಷ ಒಂದೇ ಉಳಿಯಬೇಕು, 67ರ ಇಮ್ಮಡಿ ನೋಡಿ. ಆದರೆ ಆ ಒಂದೇ ನಿಯಮ ಹಿಡಿದು ಹೊರಟರೆ ಮೊದಲ ಕಳ್ಳ ಸಿಗುವುದು 14,45,580ನೇ ಬಾಗಿಲಲ್ಲಿ! ಕೋಲ್ ಇನ್ನಷ್ಟು ಉಪಾಯ ಹೂಡಿ ಬಾಗಿಲುಗಳನ್ನು ಕಡಿಮೆ ಮಾಡಿಕೊಂಡಿದ್ದ.

ಅಂದಹಾಗೆ, ಸನ್ಯಾಸಿಯ ಪಟ್ಟಿಯಲ್ಲಿ 257 ಎರಡುಗಳನ್ನು ಗುಣಿಸಿ ಒಂದು ಕಳೆದಾಗ ಬರುವ ಸಂಖ್ಯೆ ಕೂಡ ತಪ್ಪು. ಹೀಗೆಯೇ 61, 89, 107 ಎರಡುಗಳಿಂದ ಬರುವ ಸಂಖ್ಯೆಗಳು ಸೇರಬೇಕಿತ್ತು, ಬಿಟ್ಟೇ ಹೋಗಿವೆ. ಆದರೂ ಈ ಕುಲದ ಸಂಖ್ಯೆಗಳಿಗೆಲ್ಲ ಇವತ್ತಿಗೂ ಮೆರ್ಸೆನ್ ಸಂಖ್ಯೆಗಳೆಂದೇ ಹೆಸರು.